ಸಂಜೆ ಐದರ ಹಸಿವಿಗೆ ಏನು ಕೊಡೋಣ?

ಹಸಿವು ಎಲ್ಲ ಒಂದೇ ಅಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬರುವ ಹಸಿವು ಬೇರೆ, ಮಧ್ಯಾಹ್ನ ಒಂದೂವರೆಯದು ಬೇರೆ, ಸಂಜೆ ಐದರದ್ದು ಇನ್ನೂ ಬೇರೆ. ಹನ್ನೊಂದರ ಹಸಿವಿಗೆ ಹೆಚ್ಚಿನ ಸಲ ಬೆಳಗಿನ ತಿಂಡಿಯೇ ಕಾರಣ. ಎರಡು ಇಡ್ಲಿ, ನೀರಾದ ಚಟ್ನಿ ತಿಂದು ಮನೆ ಬಿಟ್ಟರೆ ಹತ್ತರ ಹೊತ್ತಿಗೆ ಅದೆಲ್ಲ ಕರಗಿರುತ್ತದೆ. ಒಂದೂವರೆಯ ಹಸಿವು ಊಟವನ್ನೇ ಕೇಳುತ್ತದೆ, ಬೇರೆ ಏನು ಕೊಟ್ಟರೂ ಒಪ್ಪುವುದಿಲ್ಲ. ಸಂಜೆ ಐದರ ಹಸಿವು ಇದೆಯಲ್ಲ, ಅದು ಸಿಹಿ ಕೇಳುತ್ತದೆ, ಕರಿದದ್ದು ಕೇಳುತ್ತದೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೇಳುತ್ತದೆ. ಆಫೀಸಿನ ಕೆಳಗಿನ ಗಾಡಿಯಲ್ಲಿ ಬೋಂಡಾಕ್ಕೆ ಎಣ್ಣೆ ಕಾಯುವುದೂ ಸರಿಯಾಗಿ ಅದೇ ಹೊತ್ತಿಗೆ.

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು. ಅಕೌಂಟ್ಸ್ ಕೆಲಸ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟರ ಮೇಲೆ. ಮಾರ್ಚ್ ತಿಂಗಳ ಕೊನೆಯ ವಾರವಂತೂ ಕೇಳುವುದೇ ಬೇಡ. ಹಾಗಾಗಿ ಬ್ಯಾಗಿನಲ್ಲಿ ತಿನ್ನಲು ಏನಿದೆ ಎಂಬುದು ನನ್ನ ಮಟ್ಟಿಗೆ ಸಣ್ಣ ವಿಷಯವಲ್ಲ. ಅಂಗಡಿಯ ಎನರ್ಜಿ ಬಾರ್ ಒಳ್ಳೆಯದೋ ಮನೆಯ ಉಂಡೆ ಒಳ್ಳೆಯದೋ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಯಾವ ಹಸಿವಿಗೆ ತಿನ್ನುತ್ತಿದ್ದೇನೆ, ಮುಂದಿನ ಊಟಕ್ಕೆ ಇನ್ನೆಷ್ಟು ಹೊತ್ತಿದೆ ಎಂಬುದೇ ಮೊದಲ ಪ್ರಶ್ನೆ.

ಎನರ್ಜಿ ಬಾರ್ ಹುಟ್ಟಿದ ಕತೆಯನ್ನೇ ನೋಡಿ. ಕೆನಡಾದ ಬ್ರಯಾನ್ ಮ್ಯಾಕ್ಸ್‌ವೆಲ್ ಹೆಸರಾಂತ ಮ್ಯಾರಥಾನ್ ಓಟಗಾರ. 1983ರಲ್ಲಿ ಒಂದು ಮ್ಯಾರಥಾನಿನ ಕೊನೆಯ ಹಂತದಲ್ಲಿ ಅವರ ಶಕ್ತಿಯೆಲ್ಲ ಸೋರಿಹೋಯಿತು. ಓಡುತ್ತಲೇ ತಿನ್ನಬಹುದಾದ, ಹೊಟ್ಟೆ ಕೆಡಿಸದ, ಬೇಗ ಶಕ್ತಿ ಕೊಡುವ ಏನಾದರೂ ಇರಬೇಕು ಎಂದು ಅವರಿಗೆ ಅನ್ನಿಸಿತು. ಜೆನ್ನಿಫರ್ ಬಿಡಲ್ಫ್ ಅವರ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಮನೆಯ ಅಡುಗೆಮನೆಯಲ್ಲೇ ಕಲಸಿ ನೋಡಿ, ರುಚಿ ನೋಡಿ, ಮತ್ತೆ ಕಲಸಿ, 1986ರಲ್ಲಿ ಪವರ್‌ಬಾರ್ ಅಂತ ಮಾರುಕಟ್ಟೆಗೆ ತಂದರು.

ಮ್ಯಾರಥಾನ್ ಅಂದರೆ 42 ಕಿಲೋಮೀಟರಿಗೂ ಸ್ವಲ್ಪ ಮೇಲೆ. ನಮ್ಮ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಶಕ್ತಿ ಸುಮಾರು 2000 ಕ್ಯಾಲರಿಯಷ್ಟು. ಒಂದೇ ಸಮನೆ ಓಡಿದರೆ 30 ಕಿಲೋಮೀಟರ್ ದಾಟಿದ ಮೇಲೆ ಅದು ಬರಿದಾಗುತ್ತ ಬರುತ್ತದೆ. ಕಾಲು ಮಾತು ಕೇಳುವುದಿಲ್ಲ, ತಲೆ ಓಡುವುದಿಲ್ಲ. ಆ ಹೊತ್ತಿನಲ್ಲಿ ಬಾಯಿಗೆ ಬಿದ್ದ ಸಕ್ಕರೆ ನೇರವಾಗಿ ಕೆಲಸಕ್ಕೆ ಹೋಗುತ್ತದೆ. ಕುಕ್ಕೆಯಿಂದ ಕುಮಾರಪರ್ವತ ಹತ್ತುವವರ ಜೇಬಿನಲ್ಲಿ ಚಿಕ್ಕಿ ಇದ್ದರೆ ಅದು ಇರಬೇಕಾದ ಜಾಗದಲ್ಲೇ ಇದೆ. ಆದರೆ ದಿನವಿಡೀ ಕುರ್ಚಿಯಲ್ಲಿ ಕೂತು ಎಕ್ಸೆಲ್ ನೋಡುವ ನನಗೆ ಆ ದಾಸ್ತಾನು ಖಾಲಿಯಾಗುವುದೇ ಇಲ್ಲ. ಓಟಗಾರರಿಗಾಗಿ ಮಾಡಿದ ಸಕ್ಕರೆಯನ್ನು ನಾನು ತಿಂದರೆ ಅರ್ಧ ಗಂಟೆ ಚುರುಕಾಗಿರುತ್ತೇನೆ, ಆಮೇಲೆ ಮತ್ತೆ ಹಸಿವು. ನನಗೆ ಬೇಕಾಗಿರುವುದು ನಿಧಾನಕ್ಕೆ ಜೀರ್ಣವಾಗುವಂಥದ್ದು. ಪ್ರೊಟೀನ್, ಕೊಬ್ಬು, ನಾರು ಇದ್ದರೆ ತಿಂದದ್ದು ಹೊಟ್ಟೆಯಿಂದ ಬೇಗ ಜಾರುವುದಿಲ್ಲ. ಎರಡು ಮೂರು ಗಂಟೆ ಹಿಡಿದು ನಿಲ್ಲಿಸುತ್ತದೆ.

ಹಾಗಂತ ಅಂಗಡಿಯ ಬಾರ್‌ಗಳನ್ನು ನಾನು ಬೈಯುವವಳಲ್ಲ. ದೂರದ ಪ್ರಯಾಣಕ್ಕೆ ಕೊಳ್ಳುತ್ತೇನೆ. ಕೊಳ್ಳುವಾಗ ಕವರಿನ ಮುಂಭಾಗವನ್ನು ಮಾತ್ರ ಓದುವುದಿಲ್ಲ. ಅಲ್ಲಿ ಬೆಟ್ಟದ ಚಿತ್ರ ಇರುತ್ತದೆ, ದಪ್ಪ ಅಕ್ಷರದಲ್ಲಿ ಪ್ರೊಟೀನ್ ಇಷ್ಟು ಗ್ರಾಂ ಅಂತ ಇರುತ್ತದೆ. ತಿರುಗಿಸಿ ಹಿಂದೆ ನೋಡಬೇಕು.

ಹಿಂದಿನ ಪಟ್ಟಿಗೆ ಒಂದು ಕಾನೂನಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಯಾವ ಪದಾರ್ಥ ಹೆಚ್ಚು ತೂಕ ಹಾಕಿದ್ದಾರೋ ಅದರ ಹೆಸರು ಮೊದಲು ಬರಬೇಕು, ಕಡಿಮೆ ಹಾಕಿದ್ದು ಕೊನೆಗೆ. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಬಾರ್ ಏನೆಂದು ಬಹುಪಾಲು ಗೊತ್ತಾಗುತ್ತದೆ. ಮೊದಲು ಬಾದಾಮಿ, ಕಡಲೆಬೀಜ, ಓಟ್ಸ್ ಬಂದರೆ ಸರಿ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಬ್ರೌನ್ ರೈಸ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್ ಬಂದರೆ ಅದು ಮುಖ್ಯವಾಗಿ ಸಿಹಿ ತಿನಿಸು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಕ್ಕರೆ, ಸಿರಪ್, ಜೇನು ಅಂತ ಸಿಹಿಯನ್ನು ಮೂರು ನಾಲ್ಕು ಹೆಸರಾಗಿ ಹಂಚಿಬಿಟ್ಟರೆ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ. ಎಲ್ಲ ಕೂಡಿಸಿದರೆ ಅದೇ ಮೊದಲ ಸ್ಥಾನಕ್ಕೆ ಬರುತ್ತಿತ್ತೇನೋ. ಅದಕ್ಕೇ ಕೆಳಗಿನ ಕೋಷ್ಟಕದಲ್ಲಿ ಒಟ್ಟು ಸಕ್ಕರೆ ಎಷ್ಟು ಅಂತಲೂ ನೋಡಬೇಕು.

ಕೋಷ್ಟಕದಲ್ಲಿ ಅಂಕಿಗಳು ಸಾಮಾನ್ಯವಾಗಿ 100 ಗ್ರಾಂ ಲೆಕ್ಕದಲ್ಲಿ ಇರುತ್ತವೆ. ಬಾರ್ ತೂಕ 40 ಗ್ರಾಂ ಇದ್ದು 100 ಗ್ರಾಂಗೆ 30 ಗ್ರಾಂ ಸಕ್ಕರೆ ಅಂತ ಬರೆದಿದ್ದರೆ ನೀವು ತಿನ್ನುವುದು 12 ಗ್ರಾಂ. ಅಂದರೆ ಹತ್ತಿರ ಹತ್ತಿರ ಮೂರು ಟೀ ಚಮಚ. ಜೇನು, ಸಿರಪ್ ಎಲ್ಲ ಸೇರಿ ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲರಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ ಶೇಕಡಾ 5ಕ್ಕೆ ಇಳಿಯಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇಕಡಾ 5 ಅಂದರೆ ದಿನಕ್ಕೆ ಸುಮಾರು 25 ಗ್ರಾಂ. ಬೆಳಿಗ್ಗೆ ಕಾಫಿ, ಸಂಜೆ ಟೀ, ಮಧ್ಯೆ ಒಂದು ಬಾರ್. ಮುಗಿಯಿತು ನೋಡಿ ಲೆಕ್ಕ.

ಸಕ್ಕರೆ ಸೇರಿಸಿಲ್ಲ ಎಂದು ಬರೆದ ಬಾರ್‌ಗಳಲ್ಲಿ ಎರಡು ಜಾತಿ. ಒಂದು ಖರ್ಜೂರದ್ದು. ಖರ್ಜೂರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ, ಆದರೆ ಜೊತೆಗೆ ನಾರೂ ಇದೆ. ನನಗೆ ಇದು ಇಷ್ಟ. ಇನ್ನೊಂದು ಸಕ್ಕರೆಯ ಬದಲು ಮಾಲ್ಟಿಟಾಲ್ ತರಹದ ಸಿಹಿಕಾರಕ ಹಾಕಿದ್ದು. ಅದನ್ನು ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ. ಕೆಲವು ಬಾರ್‌ಗಳಿಗೆ ನಾರಿನಂಶ ಹೆಚ್ಚಿಸಲು ಚಿಕೋರಿ ಬೇರಿನ ಇನುಲಿನ್ ಹಾಕುತ್ತಾರೆ. ನಮ್ಮ ಫಿಲ್ಟರ್ ಕಾಫಿ ಪುಡಿಗೆ ಬೆರೆಸುತ್ತಾರಲ್ಲ, ಅದೇ ಚಿಕೋರಿ. ಒಳ್ಳೆಯದೇ, ಆದರೆ ಅಭ್ಯಾಸ ಇಲ್ಲದವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕಾದ ದಿನ ಹೊಸ ಬಾರ್ ತಿಂದು ನೋಡಬೇಡಿ ಎಂದು ಗೆಳತಿಯರಿಗೆ ಹೇಳುತ್ತಿರುತ್ತೇನೆ. ಮನೆಯಲ್ಲಿರುವ ಭಾನುವಾರ ತಿಂದು ನೋಡಿ.

ಪ್ರೊಟೀನ್ ವಿಷಯಕ್ಕೆ ಬಂದರೆ, ಒಂದು ಹಿಡಿ ಹುರಿದ ಕಡಲೆಬೀಜ ಅಂದರೆ 30 ಗ್ರಾಂ. ಅದರಲ್ಲಿ ಸುಮಾರು 7 ಗ್ರಾಂ ಪ್ರೊಟೀನ್ ಇದೆ. ಅಷ್ಟೇ ತೂಕದ ಹುರಿಗಡಲೆಯಲ್ಲಿ ಸುಮಾರು 6 ಗ್ರಾಂ. ಎರಡೂ ಯಾವ ಮೂಲೆ ಅಂಗಡಿಯಲ್ಲೂ ಸಿಗುತ್ತವೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ, ಯಾಕೆಂದರೆ ಈ ಎರಡು ಪದಾರ್ಥಗಳ ಮೇಲೆ ನಮ್ಮ ರಾಜ್ಯದಲ್ಲಿ ದೊಡ್ಡ ಕೆಲಸವೇ ನಡೆದಿದೆ.

ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, 1950ರಲ್ಲಿ ಶುರುವಾಯಿತು. ದೇಶದಲ್ಲಿ ಹಸಿವು ಇನ್ನೂ ಕಾಡುತ್ತಿದ್ದ ಕಾಲ. ಹಾಲು, ಮೊಟ್ಟೆ ಕೊಳ್ಳಲಾಗದವರಿಗೆ ಪ್ರೊಟೀನ್ ಹೇಗೆ ಮುಟ್ಟಿಸುವುದು ಎಂದು ಅಲ್ಲಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು 75 ಪಾಲು, ಕಡಲೆಹಿಟ್ಟು 25 ಪಾಲು ಬೆರೆಸಿ, ಅದಕ್ಕೆ ವಿಟಮಿನ್ ಮತ್ತು ಕ್ಯಾಲ್ಸಿಯಂ ಸೇರಿಸಿ ಮಲ್ಟಿಪರ್ಪಸ್ ಫುಡ್ ಎಂಬ ಪುಡಿ ಮಾಡಿದರು. ಸಾರಿಗೂ ಹಾಕಬಹುದು, ರೊಟ್ಟಿಗೂ ಹಾಕಬಹುದು. ಅದೇ ಮೈಸೂರಿನಲ್ಲಿ ಡಿಎಫ್‌ಆರ್‌ಎಲ್ ಎಂದು ಊರವರೆಲ್ಲ ಕರೆಯುತ್ತಿದ್ದ ರಕ್ಷಣಾ ಆಹಾರ ಪ್ರಯೋಗಾಲಯ 1961ರಲ್ಲಿ ಆರಂಭವಾಯಿತು. ಹಿಮದಲ್ಲಿ ನಿಂತ ಸೈನಿಕರಿಗೆ ಕೆಡದ, ಹಗುರವಾದ, ಒಲೆ ಇಲ್ಲದೆ ತಿನ್ನಬಹುದಾದ ಆಹಾರ ಮಾಡುವುದು ಅವರ ಕೆಲಸ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೆ ಮೈಸೂರಿನ ಆ ಲ್ಯಾಬಿನ ತಿನಿಸೂ ಹೋಗಿತ್ತು.

ಇನ್ನೊಂದು ಉದಾಹರಣೆ ಫ್ರಾನ್ಸಿನದು. 1996ರಲ್ಲಿ ಆಂದ್ರೆ ಬ್ರಿಯಾಂ ಎಂಬ ಮಕ್ಕಳ ವೈದ್ಯರು ಮತ್ತು ಮಿಷೆಲ್ ಲೆಸ್ಕಾನ್ ಸೇರಿ ಪ್ಲಂಪಿನಟ್ ರೂಪಿಸಿದರು. ಕಡಲೆಬೀಜ ಅರೆದ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್, ಖನಿಜ. 92 ಗ್ರಾಂ ಪ್ಯಾಕೆಟ್, 500 ಕ್ಯಾಲರಿ. ತೀವ್ರ ಅಪೌಷ್ಟಿಕತೆಯಿಂದ ನರಳುವ ಮಕ್ಕಳಿಗೆ ಅದಕ್ಕೂ ಮೊದಲು ಕೊಡುತ್ತಿದ್ದದ್ದು ಪುಡಿಯಿಂದ ಕಲಸಿದ ಹಾಲು. ಅದಕ್ಕೆ ಶುದ್ಧ ನೀರು ಬೇಕು, ಕಲಸಿಟ್ಟರೆ ಬೇಗ ಕೆಡುತ್ತದೆ, ಹಾಗಾಗಿ ಮಗುವನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕಿತ್ತು. ಈ ಪೇಸ್ಟಿನಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ ಬೆಳೆಯಲು ದಾರಿಯಿಲ್ಲ. ತಾಯಿ ಮನೆಗೆ ಒಯ್ದು ಪ್ಯಾಕೆಟ್ ಹರಿದು ನೇರವಾಗಿ ತಿನ್ನಿಸಬಹುದು. ಒಂದು ಪ್ಯಾಕೆಟ್ ಕಡಲೆಬೀಜದ ಪೇಸ್ಟ್ ಎಷ್ಟೋ ಮಕ್ಕಳ ಜೀವ ಉಳಿಸಿದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೀರು ಇರಬಾರದು ಎಂಬ ಈ ಒಂದು ಸೂತ್ರ ಹಿಡಿದುಕೊಂಡು ನಮ್ಮ ಮನೆಗಳ ಹಳೆಯ ತಿನಿಸುಗಳನ್ನು ನೋಡಿ. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಏನಿದೆ? ಹುರಿದ ಎಳ್ಳು, ಕಡಲೆಬೀಜ, ಹುರಿಗಡಲೆ, ಒಣಕೊಬ್ಬರಿ ಚೂರು, ಬೆಲ್ಲದ ಚೂರು. ಹಸಿ ತೆಂಗಿನಕಾಯಿ ಯಾರೂ ಹಾಕುವುದಿಲ್ಲ. ಕೊಬ್ಬರಿಯೇ ಆಗಬೇಕು. ಬೆಲ್ಲದ ಚೂರುಗಳನ್ನು ಬಿಸಿಲಿಗೆ ಒಣಗಿಸುವುದೂ ಅದಕ್ಕೇ. ವರ್ಷಕ್ಕೊಮ್ಮೆ ಬೀರಿ ಮುಗಿಸುವ ಈ ಮಿಶ್ರಣವನ್ನು ನಾನು ವರ್ಷವಿಡೀ ಮಾಡುತ್ತೇನೆ. ಬೆಲ್ಲ ಮಾತ್ರ ಕಡಿಮೆ. ಹನ್ನೊಂದರ ಹಸಿವಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಡಬ್ಬಿ ತೆಗೆದು ಎರಡು ಚಮಚ ಬಾಯಿಗೆ ಹಾಕಿಕೊಂಡರೆ ಸಾಕು. ಎಳ್ಳನ್ನು ಚೆನ್ನಾಗಿ ಅಗಿಯಬೇಕು, ಅಗಿಯುವುದಕ್ಕೇ ಐದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಹಸಿವೂ ಇಳಿದಿರುತ್ತದೆ.

ರಾಗಿ ಹುರಿಹಿಟ್ಟು ನಮ್ಮ ತುಮಕೂರು ಕಡೆಯ ಮನೆಗಳಲ್ಲಿ ಇದ್ದೇ ಇರುತ್ತಿತ್ತು. ರಾಗಿಗೆ ನೀರು ಚಿಮುಕಿಸಿ, ನೆನೆಸಿ, ಕಾದ ಬಾಣಲೆಯಲ್ಲಿ ಅರಳು ಹುರಿದು ಬೀಸಿದ ಹಿಟ್ಟು. ಅರಳಿಸಿದಾಗಲೇ ಬೆಂದಿರುವುದರಿಂದ ಮತ್ತೆ ಬೇಯಿಸುವ ಹಂಗಿಲ್ಲ. ಹಾಲು, ಬೆಲ್ಲ ಹಾಕಿ ಕಲಸಿದರೆ ಆಯಿತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆಫೀಸಿನಲ್ಲಿ ಮಜ್ಜಿಗೆ ಸಿಗುವ ಹಾಗಿದ್ದರೆ ಒಂದು ಸಣ್ಣ ಡಬ್ಬಿ ಹುರಿಹಿಟ್ಟು, ಚಿಟಿಕೆ ಉಪ್ಪು ಇಟ್ಟುಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಅದು ಕೊಡುವ ತಂಪಿಗೆ ಸಾಟಿಯಿಲ್ಲ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಜೋಳದ ಅರಳಿನಿಂದ ಮಾಡುವ ಅಳ್ಳಿಟ್ಟೂ ಇದೇ ಬಳಗದ್ದು. ಆ ಹಬ್ಬಕ್ಕೆ ಅಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಲಡಕಿ ಉಂಡಿ ಅಂತ ಸಾಲುಸಾಲು ಉಂಡೆಗಳು. ನಮ್ಮ ಕಡೆ ತಂಬಿಟ್ಟಿಗೆ ಶಿವರಾತ್ರಿ.

ಗೋಕಾಕ ಮತ್ತು ಅಮೀನಗಡದ ಕರದಂಟು, ಬಾಣಂತಿಯರ ಅಂಟಿನುಂಡೆ ಮಾತ್ರ ಬೇರೆ ವರ್ಗದವು. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಬೆಲ್ಲ. ಹೆತ್ತ ತಾಯಿಗೆ, ಹಾಲು ಕುಡಿಸುವವಳಿಗೆ, ಮೈ ಬಗ್ಗಿಸಿ ದುಡಿಯುವವರಿಗೆ, ಗರಡಿಗೆ ಹೋಗುವವರಿಗೆ ಹೇಳಿ ಮಾಡಿಸಿದ್ದು. ಸಣ್ಣ ತುಂಡಿನಲ್ಲೇ ಬೇಕಾದಷ್ಟು ಶಕ್ತಿ. ಕುರ್ಚಿಯಲ್ಲಿ ಕೂರುವವರು ಸಂಜೆ ಎರಡು ತುಂಡು ಎತ್ತಿಕೊಂಡರೆ ಅರ್ಧ ಊಟದಷ್ಟು ಒಳಗೆ ಹೋಗಿರುತ್ತದೆ. ಯಾರಿಗೆ, ಯಾವಾಗ, ಎಷ್ಟು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಹಾಗೆ ಕೇಳುವುದು ನಿಂತಮೇಲೇ ಎಲ್ಲರಿಗೂ ಎಲ್ಲ ಹೊತ್ತಿಗೂ ಒಂದೇ ಬಾರ್ ಎಂಬ ಮಾತು ಶುರುವಾದದ್ದು ಅನ್ನಿಸುತ್ತದೆ.

ಈಗ ಸಂಜೆ ಐದರ ಹಸಿವಿಗೆ ನಾನು ಮಾಡುವುದನ್ನು ಹೇಳುತ್ತೇನೆ. ಇದು ಉಂಡೆಯ ಮಿಶ್ರಣವೇ. ತಟ್ಟೆಗೆ ಒತ್ತಿ ಕತ್ತರಿಸುವುದರಿಂದ ಡಬ್ಬಿಯಲ್ಲಿ ಒತ್ತೊತ್ತಾಗಿ ಕೂರುತ್ತದೆ, ಅಷ್ಟೇ.

ಕಡಲೆಬೀಜ 300 ಗ್ರಾಂ, ಹುರಿಗಡಲೆ 120 ಗ್ರಾಂ, ಎಳ್ಳು 70 ಗ್ರಾಂ, ಕೊಬ್ಬರಿ ತುರಿ 40 ಗ್ರಾಂ, ಬೆಲ್ಲ 250 ಗ್ರಾಂ. ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಉಪ್ಪು ಬಿಡಬೇಡಿ, ಬೆಲ್ಲದ ರುಚಿ ಏಳುವುದೇ ಅದರಿಂದ.

ಕಡಲೆಬೀಜವನ್ನು ಮೊದಲು ತಟ್ಟೆಗೆ ಹರವಿ ಆರಿಸಬೇಕು. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಒಂದೂ ಉಳಿಯಬಾರದು. ಬೂಸ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಲಿವರ್‌ಗೆ ಹಾನಿ ಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ದೊಡ್ಡ ಉರಿ ಇಟ್ಟರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ. ಚಟಪಟ ಸದ್ದು ಬಂದು, ಸಿಪ್ಪೆ ತಾನಾಗಿ ಬಿರಿದು, ಅಡುಗೆಮನೆ ತುಂಬ ಘಮ ಎದ್ದಾಗ ಇಳಿಸಿ. ಆರಿದ ಮೇಲೆ ಅಂಗೈಗಳ ನಡುವೆ ಉಜ್ಜಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಅರ್ಧದಷ್ಟು ಬೀಜವನ್ನು ಹಾಗೇ ಇಟ್ಟು, ಉಳಿದರ್ಧವನ್ನು ತರಿತರಿಯಾಗಿ ಕುಟ್ಟಿಕೊಳ್ಳಿ. ಮಿಕ್ಸಿಗೆ ಹಾಕಿದರೆ ಒಂದೇ ಸುತ್ತು, ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಹುರಿಗಡಲೆಯನ್ನು ಸುಮ್ನೆ ಬೆಚ್ಚಗೆ ಮಾಡಿದರೆ ಸಾಕು. ಎಳ್ಳು ಸಿಡಿಯುತ್ತದೆ, ಮೇಲೆ ತಟ್ಟೆ ಮುಚ್ಚಿ ಹುರಿಯಿರಿ.

ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮಾರುಹೋಗಬೇಡಿ. ಹೊಳೆಯುವ ಹಳದಿ ಬಣ್ಣ ಬರಲು ರಾಸಾಯನಿಕ ಹಾಕುವುದುಂಟು. ನಾನು ತರುವುದು ಮಂಡ್ಯ ಕಡೆಯ ಕಂದು ಬಣ್ಣದ ಅಚ್ಚು ಬೆಲ್ಲ. ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿಬಿಡಿ, ಮರಳು, ಕಬ್ಬಿನ ಸಿಪ್ಪೆ ಏನಾದರೂ ಇದ್ದೇ ಇರುತ್ತದೆ. ಸೋಸಿದ್ದನ್ನು ಮತ್ತೆ ಒಲೆಗೆ ಇಡಿ.

ಇಲ್ಲಿಂದ ಮುಂದಿನ ನಾಲ್ಕೈದು ನಿಮಿಷ ಒಲೆ ಬಿಟ್ಟು ಕದಲಬಾರದು. ನಮ್ಮತ್ತೆ ತಿಪಟೂರು ಕಡೆಯವರು, ಕೊಬ್ಬರಿ ಊರಿನವರು. "ಪಾಕ ನೋಡ್ಕೊಮ್ಮಾ, ಆ ಫೋನು ಆಚೆ ಇಡು" ಎಂದು ಈಗಲೂ ಹೇಳುತ್ತಾರೆ. ಪಾಕ ಮೊದಲು ದೊಡ್ಡ ಗುಳ್ಳೆಯಾಗಿ ಉಕ್ಕುತ್ತದೆ. ಆಮೇಲೆ ಗುಳ್ಳೆ ಸಣ್ಣದಾಗಿ, ಒತ್ತಾಗಿ, ಬಣ್ಣ ಗಾಢವಾಗುತ್ತದೆ. ಒಂದು ಬಟ್ಟಲು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಕೂಡಿಸಿ. ನೀರಿನಲ್ಲಿ ಕರಗಿ ಹರಡಿದರೆ ಇನ್ನೂ ಆಗಿಲ್ಲ. ಮೆತ್ತಗಿನ ಉಂಡೆಯಾಗಿ ಕೂಡಿಕೊಂಡರೆ ಅದೇ ಹದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ತೊಟ್ಟು ಗಟ್ಟಿಯಾಗಿ, ತಟ್ಟೆಗೆ ಹಾಕಿದರೆ ಟಣ್ ಎನ್ನುತ್ತದೆ. ಅದು ಚಿಕ್ಕಿಯ ಪಾಕ. ಚಿಕ್ಕಿ ಬೇಕಿದ್ದರೆ ಅಲ್ಲಿಯವರೆಗೂ ಹೋಗಿ. ನನಗೆ ರೈಲಿನ ಗಲಾಟೆಯಲ್ಲಿ ಸದ್ದಿಲ್ಲದೆ ಕಚ್ಚುವಂಥದ್ದು ಬೇಕು, ಅತ್ತೆಯ ಹಲ್ಲಿಗೂ ಮೆತ್ತಗಿದ್ದರೇ ಚೆನ್ನ.

ಹದ ಬಂದ ಕೂಡಲೇ ಒಲೆ ಆರಿಸಿ, ತುಪ್ಪ, ಏಲಕ್ಕಿ, ಉಪ್ಪು ಹಾಕಿ, ಎಲ್ಲ ಪದಾರ್ಥ ಸುರಿದು ಬೇಗ ಬೇಗ ಕೈಯಾಡಿಸಿ. ತುಪ್ಪ ಸವರಿದ ತಟ್ಟೆಗೆ ಹಾಕಿ ಬಟ್ಟಲಿನ ತಳದಿಂದ ಬಲವಾಗಿ ಒತ್ತಿ. ಸರಿಯಾಗಿ ಒತ್ತದಿದ್ದರೆ ಬ್ಯಾಗಿನಲ್ಲಿ ಪುಡಿಪುಡಿಯಾಗುತ್ತದೆ. ಬೆಚ್ಚಗಿರುವಾಗಲೇ ಗೆರೆ ಹಾಕಿ ಕತ್ತರಿಸಿ. ಪೂರ್ತಿ ಆರುವವರೆಗೆ ಡಬ್ಬಿ ಮುಚ್ಚಬೇಡಿ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದಲ್ಲಿ ಹಬೆ ಹನಿಗಟ್ಟಿ ಮತ್ತೆ ಅದರ ಮೇಲೇ ಇಳಿಯುತ್ತದೆ, ನೀರಿನಿಂದ ದೂರ ಇಟ್ಟದ್ದೆಲ್ಲ ವ್ಯರ್ಥ.

40 ಗ್ರಾಂ ತೂಕದ ಒಂದು ತುಂಡಿನಲ್ಲಿ ಸುಮಾರು 190 ಕ್ಯಾಲರಿ, 6 ಗ್ರಾಂ ಪ್ರೊಟೀನ್, 12ರಿಂದ 13 ಗ್ರಾಂ ಬೆಲ್ಲ. ಬೆಲ್ಲವನ್ನು ಔಷಧಿಯಂತೆ ಹೊಗಳುವವರನ್ನು ಕಂಡರೆ ನನಗೆ ಬೇಸರ. ಕ್ಯಾಲರಿಯಲ್ಲಿ ಅದು ಸಕ್ಕರೆಗೆ ಹತ್ತಿರವೇ. ಸ್ವಲ್ಪ ಕಬ್ಬಿಣ, ಖನಿಜ ಇದೆ, ರುಚಿ ಚೆನ್ನಾಗಿದೆ, ಆದರೆ ಶುಗರ್ ಇರುವವರ ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಹಾಗಾಗಿ ನನಗೆ ಸಂಜೆಗೆ ಒಂದೇ ತುಂಡು. ಎರಡನೆಯದು ಬೇಕೆನಿಸಿದರೆ ನೀರು ಕುಡಿದು ಹತ್ತು ನಿಮಿಷ ಕಾಯುತ್ತೇನೆ. ಕೊಬ್ಬರಿ, ಕಡಲೆಬೀಜ ಎರಡರಲ್ಲೂ ಎಣ್ಣೆ ಇರುವುದರಿಂದ ಹಳತಾದರೆ ಕಮಟು ವಾಸನೆ ಬರುತ್ತದೆ. ಎರಡು ವಾರಕ್ಕೆ ಆಗುವಷ್ಟು ಮಾತ್ರ ಮಾಡುವುದು ಒಳ್ಳೆಯದು.

ಸಂಜೆ ರೈಲಿನಲ್ಲಿ ಚಿಕ್ಕಬಾಣಾವರ ದಾಟುತ್ತಿದ್ದಂತೆ ನಮ್ಮ ಬೋಗಿಯಲ್ಲಿ ಡಬ್ಬಿಗಳು ಒಂದೊಂದಾಗಿ ತೆರೆಯುತ್ತವೆ. ನನ್ನ ಎದುರು ಕೂರುವ ನರ್ಸ್ ಒಬ್ಬರು ಸಿಹಿ ಮುಟ್ಟುವುದಿಲ್ಲ. ಅವರ ಡಬ್ಬಿಯಲ್ಲಿ ಕಡಲೆಬೀಜ, ಹುರಿಗಡಲೆ, ಗರಿಗರಿಯಾದ ಕರಿಬೇವು, ಚೂರು ಖಾರದ ಪುಡಿ, ಇಂಗು. "ತಗೊಳ್ರೀ ಅಕ್ಕಾ, ಸಕ್ಕರೆ ಹೆಸರೇ ಇಲ್ಲ ಇದ್ರಲ್ಲಿ" ಎಂದು ಕೈಗೆ ಸುರಿಯುತ್ತಾರೆ. ಶುಗರ್ ಇರುವವರಿಗೆ, ಬಿಸಿಲಲ್ಲಿ ಬೆವರು ಸುರಿಸಿ ಓಡಾಡುವವರಿಗೆ ಈ ಖಾರದ ದಾರಿಯೇ ಸರಿ. ಅದೇ ಬೋಗಿಯಲ್ಲಿ ಓಡಾಡುವ ಕಾಲೇಜು ಹುಡುಗಿಯರು ಮಂಡಕ್ಕಿ ತರುತ್ತಾರೆ. ಬರೀ ಮಂಡಕ್ಕಿ ಬಾಯಿಗೆ ಕೆಲಸ ಕೊಡುತ್ತದೆ, ಹೊಟ್ಟೆಗೆ ಸಾಲದು. ಅರ್ಧಕ್ಕರ್ಧ ಕಡಲೆಬೀಜ, ಹುರಿಗಡಲೆ ಬೆರೆಸಿಕೊಳ್ಳಿ ಎಂದು ಅವರಿಗೆ ಹೇಳಿದ್ದೇನೆ.

ಹವಾಮಾನವನ್ನೂ ನೋಡಬೇಕು. ಚಾಕೊಲೇಟ್ ಬಳಿದ ಬಾರ್ ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಕರಗಿ ಕವರಿಗೆ ಅಂಟುತ್ತದೆ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಜಿನುಗುತ್ತದೆ, ಆಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು. ಬಾಳೆಹಣ್ಣಿನಲ್ಲಿ ಏಲಕ್ಕಿ ಬಾಳೆ ಬ್ಯಾಗಿಗೆ ಅನುಕೂಲ, ಸಣ್ಣದು, ಒಂದೇ ಸಲಕ್ಕೆ ಮುಗಿಯುತ್ತದೆ. ದೂರದ ಪ್ರಯಾಣಕ್ಕೆ ಬೇಳೆ ಹೋಳಿಗೆಗಿಂತ ಶೇಂಗಾ ಹೋಳಿಗೆ ಹೆಚ್ಚು ದಿನ ತಾಳುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹಾಸ್ಟೆಲಿಗೆ ಹೋಗುವ ಉತ್ತರ ಕರ್ನಾಟಕದ ಮಕ್ಕಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ.

ಉಳಿದದ್ದು ಒಂದೂವರೆಯ ಹಸಿವು. ಅದರ ಬಗ್ಗೆ ನನಗೆ ಸಿಟ್ಟಿದೆ.

ಬಾರ್‌ಗಳ ಜಾಹೀರಾತಿನಲ್ಲಿ ಬೆಟ್ಟ ಹತ್ತುವವರು, ಜಿಮ್ಮಿಗೆ ಹೋಗುವವರು ಇರುತ್ತಾರೆ. ಆದರೆ ಅದನ್ನು ದಿನವೂ ತಿನ್ನುವುದನ್ನು ನಾನು ನೋಡಿರುವುದು ಊಟಕ್ಕೆ ಏಳಲು ಪುರುಸೊತ್ತಿಲ್ಲದ ಹುಡುಗ ಹುಡುಗಿಯರು. ಒಂದು ಕೈಯಲ್ಲಿ ಮೌಸ್, ಇನ್ನೊಂದು ಕೈಯಲ್ಲಿ ಬಾರ್. 200 ಕ್ಯಾಲರಿಯ ತುಂಡು ತಿಂದು ಊಟ ಆಯಿತು ಅನ್ನುತ್ತಾರೆ. ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗಿ ಇಡೀ ದಿನದ ಹಸಿವನ್ನು ಒಂದೇ ಸಲ ತೀರಿಸಿಕೊಳ್ಳುತ್ತಾರೆ. ಊಟದ ಹೊತ್ತನ್ನು ಯಾರೂ ಬಾಯಿಬಿಟ್ಟು ಕಿತ್ತುಕೊಂಡಿಲ್ಲ. ಮಧ್ಯಾಹ್ನ ಒಂದಕ್ಕೆ ಮೀಟಿಂಗ್ ಇಟ್ಟು, ಪ್ಯಾಂಟ್ರಿಯಲ್ಲಿ ಬಾರ್ ತುಂಬಿಸಿಟ್ಟರೆ ಸಾಕು, ತಾನಾಗಿ ಹೋಗುತ್ತದೆ. ಆಫೀಸಿನವರಿಗೆ ಕನಿಷ್ಠ ಪ್ಯಾಂಟ್ರಿ ಇದೆ. ಆರ್ಡರ್ ಹಿಡಿದು ಓಡುವ ಡೆಲಿವರಿ ಹುಡುಗರು, ಎರಡು ಟ್ರಿಪ್ ನಡುವೆ ಹತ್ತು ನಿಮಿಷ ಸಿಗುವ ಬಸ್ ಕಂಡಕ್ಟರ್, ಗೇಟ್ ಬಿಟ್ಟು ಹೋಗಲಾಗದ ಸೆಕ್ಯುರಿಟಿಯವರು ಎಲ್ಲಿ ಕೂತು ಉಣ್ಣಬೇಕು? ಬೈಕಿನ ಸೀಟಿನ ಮೇಲೆ ಡಬ್ಬಿ ಇಟ್ಟುಕೊಂಡು ನಿಂತೇ ಉಣ್ಣುವವರನ್ನು ಯಶವಂತಪುರದಲ್ಲಿ ದಿನಾ ನೋಡುತ್ತೇನೆ. ಅವರಿಗೆ ಕೊಡಬೇಕಾದದ್ದು ಕೂರಲು ನೆರಳು, ಕೈ ತೊಳೆಯಲು ನಲ್ಲಿ, ಇಪ್ಪತ್ತು ನಿಮಿಷದ ಬಿಡುವು. ಯಾವ ಬಾರ್ ಕೊಟ್ಟರೂ ಅದು ಇದಕ್ಕೆ ಸಮನಾಗುವುದಿಲ್ಲ.

ನಮ್ಮ ಸೆಕ್ಷನ್ನಿನ ಹೆಂಗಸರು ಇದಕ್ಕೊಂದು ದಾರಿ ಕಂಡುಕೊಂಡಿದ್ದೇವೆ. ಬ್ಯಾಗಿನಲ್ಲಿ ತಿಂಡಿ ಡಬ್ಬಿ ಬೇರೆ, ಊಟದ ಡಬ್ಬಿ ಬೇರೆ. ಒಂದೂವರೆಗೆ ಎಲ್ಲರೂ ಎದ್ದು ಒಂದೇ ಮೇಜಿಗೆ ಹೋಗುತ್ತೇವೆ. ಕೆಲಸ ಎಷ್ಟೇ ಇರಲಿ, ಮಾರ್ಚ್ ಮೂವತ್ತೊಂದೇ ಇರಲಿ. ಆ ಹೊತ್ತಿಗೆ ಮೀಟಿಂಗ್ ಇಟ್ಟರೆ ಅನ್ನ, ಹುಳಿ, ಪಲ್ಯದ ಡಬ್ಬಿ ಹಿಡಿದುಕೊಂಡೇ ಮೀಟಿಂಗ್ ರೂಮಿಗೆ ಹೋಗಿ ಕೂತು, ಮುಚ್ಚಳ ತೆಗೆದು ಉಣ್ಣುತ್ತೇವೆ. ಹುಳಿಯ ಒಗ್ಗರಣೆ ಘಮ ಬಂದರೆ ಬೇರೆಯವರಿಗೂ ಹಸಿವಾಗುತ್ತದೆ. ಈಗ ನಮ್ಮಲ್ಲಿ ಮೀಟಿಂಗ್‌ಗಳು ಎರಡೂಕಾಲಿಗೆ ಶುರುವಾಗುತ್ತವೆ.